ರೈಟರ್ ಓಡಿದರೆ

ಪ್ರೀತಿಯ ಅಕ್ಕಾ,

ರಜೆಗೆ ನಮ್ಮ ಕ್ವಾರ್ಟರ್ಸಿಗೆ ಬಂದಾಗಲೆಲ್ಲ ಬೆಳಿಗ್ಗೆ ನನ್ನ ಹೊದಿಕೆ ಎಳೆದು ಓಡಲು ಹೊರಡಿಸುತ್ತಿದ್ದೆಯಲ್ಲ, ನೆನಪಿದೆಯಾ? ಮೂಡಿಗೆರೆಯ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್ ನೀನು, ಕಳಸದ ಹತ್ತಿರದ ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ನಾನು. ನನ್ನ ಓಟ ನೋಡಿದರೆ ನಿನಗೆ ನಗು. "ಮೂಟೆ ಹೊತ್ತವರ ಹಾಗೆ ಒಂದೇ ಸಮ ಹೋಗ್ತೀಯಲ್ಲ ಮಾರಾಯ! ಒಂದು ಕರೆಂಟ್ ಕಂಬದಿಂದ ಮುಂದಿನ ಕಂಬಕ್ಕೆ ಜೋರಾಗಿ ಓಡು. ಆಮೇಲೆ ಉಸಿರು ಹದಕ್ಕೆ ಬರೋವರೆಗೆ ನಿಧಾನ. ಮತ್ತೆ ಜೋರು. ವಾರಕ್ಕೊಂದ್ ಸಲ ಮಾಡಿದ್ರೆ ಸಾಕು." ನಾನೆಲ್ಲಿ ಕೇಳಿದೆ? ಹೊಟ್ಟೆ ಕರಗಿದರೆ ಸಾಕು, ನನಗ್ಯಾಕೆ ವೇಗ ಎಂದು ವಾದ ಮಾಡುತ್ತಿದ್ದೆ.

ನೀನು ಹೋದೆ ಎಂದು ಆಫೀಸಿಗೆ ಫೋನ್ ಬಂದಾಗ ನಾನು ಕೆಳಗಿನ ತೋಟದಲ್ಲಿದ್ದೆ. ಶೀನ ಮೇಸ್ತ್ರಿ ಓಡಿ ಬಂದ. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿಹೋಯಿತು. ನಮ್ಮಲ್ಲಿ ಹಾಗೇ ತಾನೆ? ಇಡೀ ತೋಟಕ್ಕೆ ಇರುವುದು ಆಫೀಸಿನ ಅದೊಂದೇ ಫೋನ್. ಮೊಬೈಲ್ ಕೊಂಡವರಿಗೂ ಇಲ್ಲಿ ಸಿಗ್ನಲ್ ಇಲ್ಲ. ಒಳ್ಳೆಯ ಸುದ್ದಿಯಾದರೆ ನಡೆದು ಹೋಗಿ ಹೇಳುತ್ತೇವೆ, ಕೆಟ್ಟದ್ದಾದರೆ ಓಡುತ್ತೇವೆ. ಯಾರೂ ಕೂತು ಮಾಡಿದ ನಿಯಮವಲ್ಲ, ಆದರೂ ಎಲ್ಲರಿಗೂ ಗೊತ್ತು. ಇಷ್ಟು ವರ್ಷ ಹಾಗೆ ಓಡಿದವನು ಹೆಚ್ಚಾಗಿ ನಾನೇ. ಅಂಥವನಿಗೆ ಬುದ್ಧಿ ಬೇಡವೇ?

ನೀನಿಲ್ಲದ ಮೊದಲ ಕೊಯ್ಲಿನಲ್ಲಿ ನನಗೊಂದು ಹಟ ಬಂತು, ನಿನ್ನ ಮಾತನ್ನು ಈಗಲಾದರೂ ನಡೆಸಬೇಕು ಅಂತ. ನಿಧಾನಕ್ಕೆ ಓಡುವುದಾದರೆ ಮಬ್ಬುಗತ್ತಲಾದರೂ ಆದೀತು, ಜೋರಾಗಿ ಓಡಲು ರಸ್ತೆಯ ಕಲ್ಲು ಕಾಣಬೇಕಲ್ಲ. ಹಾಗಾಗಿ ಮಂಜು ಸರಿಯುವವರೆಗೆ ಕಾದೆ. ಆಫೀಸಿನ ಮುಂದಿನ ಕಂಬದಿಂದ ಬಿಟ್ಟೆ ನೋಡು! ಎದೆ ಉರಿಯಿತು, ತೊಡೆ ನಡುಗಿತು, ಆದರೂ ಎಷ್ಟು ಖುಷಿಯಾಯಿತು ಗೊತ್ತಾ? ಉಸಿರು ಹದ ಮಾಡಿಕೊಂಡು ಮತ್ತೊಂದು ಕಂಬ, ಮತ್ತೊಂದು... ಪಕ್ಕದಲ್ಲೇ ನೀನಿದ್ದ ಹಾಗಿತ್ತು. ತಿರುವಿನ ಆಚೆ ಹೆಂಗಸರು ಆಗಲೇ ಹಣ್ಣು ಕುಯ್ಯಲು ಶುರು ಮಾಡಿದ್ದಾರೆ ಎನ್ನುವುದು ತಲೆಯಲ್ಲೇ ಇರಲಿಲ್ಲ.

ತಿರುವು ದಾಟಿದಾಗ ಯಾರ ಕೈಯೂ ಆಡುತ್ತಿರಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಶೀನ ಮೇಸ್ತ್ರಿ ತಲೆಯ ಟವೆಲ್ ತೆಗೆದು, "ಯಾರು ರೈಟರ್ರೇ?" ಎಂದ. ಲಲಿತ ಅಷ್ಟರಲ್ಲೇ ನೆಲಕ್ಕೆ ಕುಸಿದಿದ್ದಳು. ಅವಳ ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿದ್ದ.

"ಹೋಗ್ಬಿಟ್ರಾ? ಹೇಳಿ ರೈಟರ್ರೇ, ಹೋಗ್ಬಿಟ್ರಾ?"

"ಇಲ್ಲ ಮಾರಾಯ್ತಿ, ಏನೂ ಆಗಿಲ್ಲ. ನಾನು ಸುಮ್ನೆ... ಪ್ರಾಕ್ಟೀಸು..."

ನಾಲ್ಕು ಮಾತು ಬೈದಿದ್ದರೆ ಬಚಾವಾಗುತ್ತಿದ್ದೆ. ಯಾರೂ ಬೈಯಲಿಲ್ಲ. ಲಲಿತಳಿಗೆ ನೀರು ಕುಡಿಸಿ, ಎಬ್ಬಿಸಿ ಕೂರಿಸಿ, ಒಬ್ಬೊಬ್ಬರಾಗಿ ಗಿಡದ ಕಡೆ ತಿರುಗಿದರು. ಚಡ್ಡಿ ಹಾಕಿಕೊಂಡು, ಏದುಸಿರು ಬಿಡುತ್ತ, ಅವರ ನಡುವೆ ನಿಂತಿದ್ದೆ ಅಕ್ಕಾ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕುದುರೆಮುಖದ ಪೇಟೆಗೆ ನಾವಿಬ್ಬರೂ ಸಾಮಾನು ತರಲು ಹೋಗುತ್ತಿದ್ದೆವಲ್ಲ, ಅದೀಗ ಖಾಲಿ. ಗಣಿ ನಿಂತಿತು, ಜನ ಗಂಟುಮೂಟೆ ಕಟ್ಟಿದರು. ಆ ಬೆಳಗಿನ ಮೇಲೆ ನಾನು ಭಾನುವಾರ ಬಸ್ಸು ಹತ್ತಿ ಅಲ್ಲಿಗೇ ಹೋಗಿ, ಕಂಬದಿಂದ ಕಂಬಕ್ಕೆ ಓಡುತ್ತೇನೆ. ಅಲ್ಲಿ ನನ್ನನ್ನು ನೋಡಿ ಹೆದರಲು ಯಾರೂ ಇಲ್ಲ. ತೋಟದಲ್ಲಿ ಮಾತ್ರ ಓಟವೇ ಬಿಟ್ಟೆ. ಮಳೆ ಹನಿ ಬಿದ್ದರೂ ನಡಿಗೆ, ಜೀಪು ಹೊರಟು ನಿಂತಿದ್ದರೂ ನಡಿಗೆ. ಆಳುಗಳ ಸಾಲುಮನೆಗಳಲ್ಲಿ ಲಲಿತಳ ಲೈನ್ ಮನೆ ತಪ್ಪಿಸಲು ಸುತ್ತು ದಾರಿ ಬೇರೆ. ನೀನಿದ್ದಿದ್ದರೆ ಹೋಗಿ ಒಂದು ಮಾತು ಹೇಳಿ ಬಾ ಎಂದು ದಬ್ಬುತ್ತಿದ್ದೆ. ನನಗೆ ಅಷ್ಟು ಮುಖವಿರಲಿಲ್ಲ.

ಹೋದ ಮಂಗಳವಾರ ಫೋನ್ ಬಂದಾಗ ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ಮಂಗಳೂರಿನಿಂದ ಲಲಿತಳ ಮೈದುನ. ಅಣ್ಣ ಬೆಳಿಗ್ಗೆ ತೀರಿಕೊಂಡ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಮೆಟ್ಟಿಲು ಇಳಿಯುತ್ತಲೇ ಕಾಲು ತಾನಾಗಿ ಓಡಲು ಹೊರಟಿತು. ಅಷ್ಟರಲ್ಲಿ ಲಲಿತ ಅವತ್ತು ನೆಲಕ್ಕೆ ಕುಸಿದದ್ದು ಕಣ್ಣಿಗೆ ಕಟ್ಟಿತು. ಇನ್ನೊಮ್ಮೆ ಅದನ್ನು ನೋಡಲಾರೆ ಅನ್ನಿಸಿ ನಡೆದೆ ಅಕ್ಕಾ. ಅದೇ ರಸ್ತೆಯಲ್ಲಿ, ಎಲ್ಲರೂ ನೋಡುವ ಹಾಗೆ, ನಿಧಾನವಾಗಿ ನಡೆದೆ. ಲಲಿತ ದೂರದಿಂದಲೇ ಕಂಡಳು. ಸೊಂಟದ ಚೀಲ ಬಿಚ್ಚಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಮುಖದ ತುಂಬ ನಗು ತುಂಬಿಕೊಂಡು ಎದುರು ಬಂದಳು.

"ನಡ್ಕೊಂಡ್ ಬಂದ್ರಲ್ಲ ರೈಟರ್ರೇ! ಯಾವತ್ತು ಮನೆಗೆ ಕಳಿಸ್ತಾರಂತೆ?"