ಹಿಮ ಕರಗಿದರೆ ತಂಪು ಎಂದಿರಿ

ಮಹೇಶ್ವರಪ್ಪ ಮೇಷ್ಟ್ರಿಗೆ,

ದುರ್ಗಾಂಬಿಕಾ ಮಾಡುವ ನಮಸ್ಕಾರ. ಮೊದಲು ‘ಪೂಜ್ಯ’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ಇಪ್ಪತ್ತೆರಡು ವರ್ಷಗಳಲ್ಲಿ ನಿಮಗೆ ಬರೆದ ಯಾವ ಕಾಗದದಲ್ಲೂ ಹೀಗೆ ಮಾಡಿರಲಿಲ್ಲ.

ಚನ್ನಗಿರಿಯಲ್ಲಿ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನೀವು ನಮ್ಮನ್ನು ಸೂಳೆಕೆರೆಗೆ ಕರೆದೊಯ್ದಿದ್ದಿರಿ. ಏರಿಯ ಮೇಲೆ ಎರಡು ತಗಡು ಇಟ್ಟಿರಿ. ಒಂದಕ್ಕೆ ಸುಣ್ಣ ಬಳಿದಿತ್ತು, ಇನ್ನೊಂದಕ್ಕೆ ಮಸಿ. ನಾವು ಬುತ್ತಿ ಬಿಚ್ಚಿ ಉಂಡು ಬರುವಷ್ಟರಲ್ಲಿ ಮಸಿಯ ತಗಡು ಮುಟ್ಟಲಾಗದಷ್ಟು ಕಾದಿತ್ತು. “ಧ್ರುವದ ಹಿಮ ಈ ಸುಣ್ಣದ ತಗಡು ಇದ್ದಂಗೆ ಕಣ್ರಪ್ಪಾ, ಬಿಸಿಲನ್ನ ವಾಪಸ್ ಕಳಿಸ್ತೈತೆ. ಅದು ಕರಗಿದ್ರೆ ಕೆಳಗಿನ ಕಪ್ಪು ಸಮುದ್ರ ಬಿಸಿಲು ಕುಡಿಯಾಕೆ ಶುರು ಮಾಡ್ತೈತೆ. ಕಾದಷ್ಟೂ ಕರಗ್ತೈತೆ, ಕರಗಿದಷ್ಟೂ ಕಾಯ್ತೈತೆ,” ಎಂದಿರಿ. ಹಿಮವನ್ನೇ ಕಾಣದ ನಾನು ಕೆರೆಯ ನೀರನ್ನು ನೋಡುತ್ತ ನಿಂತುಬಿಟ್ಟಿದ್ದೆ. ಎಲ್ಲೋ ದೂರದಲ್ಲಿ ಅದು ಕರಗಿದರೆ ನನ್ನ ಊರೂ ಕಾಯುತ್ತದೆ ಎಂದು ಅವತ್ತೇ ಹೊಳೆದದ್ದು. ಹೊಲಿಗೆ ಕಲಿಯಲಿ ಸಾಕು ಎಂದಿದ್ದ ಅಪ್ಪನ ಎದುರು ಕೂತು, ನನ್ನನ್ನು ವಿಜ್ಞಾನ ಓದಿಸಲು ಒಪ್ಪಿಸಿದವರೂ ನೀವೇ.

ಅದಕ್ಕೇ ಈ ಫೆಬ್ರವರಿಯಲ್ಲಿ ನಾನೀಗ ವಿಜ್ಞಾನ ಕಲಿಸುವ ಸಾಸ್ವೆಹಳ್ಳಿಯ ಶಾಲೆಯ ವಿಜ್ಞಾನ ದಿನಕ್ಕೆ ನಿಮ್ಮನ್ನೇ ಕರೆದೆ. ನಿವೃತ್ತರಾದ ಮೇಲೆ ಯೂಟ್ಯೂಬಿನಲ್ಲಿ ಮಾತಾಡುತ್ತೀರಿ, ಲಕ್ಷಾಂತರ ಜನ ನೋಡುತ್ತಾರೆ ಎಂದು ಕೇಳಿದ್ದೆ. ಒಂದನ್ನೂ ನೋಡಿರಲಿಲ್ಲ. ನೋಡುವುದೇನಿತ್ತು, ನನಗೆ ನೀವು ಗೊತ್ತಿದ್ದಿರಲ್ಲ.

ಎಂಟನೇ ತರಗತಿಯ ರಕ್ಷಾ ಒಂದು ವಾರದಿಂದ ಬಾಯಿಪಾಠ ಮಾಡಿದ್ದ ಪ್ರಶ್ನೆ ಕೇಳಿದಳು. “ಸರ್, ಧ್ರುವದ ಹಿಮ ಕರಗಿದ್ರೆ ಭೂಮಿ ಇನ್ನೂ ಬಿಸಿ ಆಗ್ತೈತೆ ಅಂತ ನಮ್ಮ ಮಿಸ್ ಹೇಳ್ಯಾರೆ. ಎಷ್ಟು ಬಿಸಿ ಆಗ್ತೈತ್ರೀ?”

ನೀವು ನಕ್ಕಿರಿ. “ಶರಬತ್ತಿಗೆ ಐಸ್ ಹಾಕಿದ್ರೆ ಬಿಸಿ ಆಗ್ತೈತೇನಮ್ಮಾ? ಐಸ್ ಕರಗಿದ್ರೆ ಸಮುದ್ರ ತಂಪು, ಭೂಮಿನೂ ತಂಪು. ನಿಮ್ಮ ಮಿಸ್‌ಗೆ ಯಾರೋ ಸುಮ್ನೆ ಹೆದರಿಸ್ಯಾರೆ.”

ಯಾರೋ! ಸಭೆ ಚಪ್ಪಾಳೆ ತಟ್ಟಿತು. ರಕ್ಷಾ ತಲೆ ತಗ್ಗಿಸಿ ಕೂತಳು. ಮೈಕಿನ ಪಕ್ಕದಲ್ಲೇ ಇದ್ದ ನಾನು ತುಟಿ ಬಿಚ್ಚಲಿಲ್ಲ.

ಹೊನ್ನಾಳಿಯ ಬಸ್ಸಿಗೆ ಕಾಯುವಾಗ ಕೇಳಿದೆ, ನೀವೇ ಅಲ್ಲವೇ ಸರ್ ಕಲಿಸಿದ್ದು ಎಂದು. ನೀವು ಸುತ್ತ ನೋಡಿ ದನಿ ತಗ್ಗಿಸಿದಿರಿ. “ನೀನು ಹೇಳಿದ್ದೇ ಸರಿ ಕಣವ್ವಾ. ಆದ್ರೆ ಅದನ್ನ ಹೇಳಿದ್ರೆ ಯಾರೂ ನೋಡಾಕಿಲ್ಲ. ಈ ವಯಸ್ಸಲ್ಲೂ ಜನ ನನ್ನ ಮಾತು ಕೇಳ್ತಾರೆ, ಅದೇನು ಸಣ್ಣ ವಿಷ್ಯನಾ?”

ಮರೆತಿದ್ದರೆ ವಯಸ್ಸಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ತಪ್ಪು ತಿಳಿದಿದ್ದರೆ ವಾದ ಮಾಡುತ್ತಿದ್ದೆ. ನೀವು ತಿಳಿದೂ ನಕ್ಕಿರಿ ಸರ್, ಹದಿಮೂರು ವರ್ಷದ ಹುಡುಗಿಯ ಮುಖ ನೋಡಿಕೊಂಡು. ಬಸ್ಸು ಹೋದ ಮೇಲೆ ನಾನು ಶಾಲೆಗೆ ವಾಪಸಾಗಲಾರದೆ ಹೊಳೆಯ ದಂಡೆಗೆ ಹೋಗಿ ಕೂತಿದ್ದೆ.

ಮರುದಿನ ತರಗತಿಯಲ್ಲಿ, ಅವರು ಹೇಳಿದ್ದು ತಪ್ಪು ಎಂದೆ. “ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ ಮಿಸ್?” ಎಂದಳು ರಕ್ಷಾ. ಅವರು ನನ್ನ ಮೇಷ್ಟ್ರು, ಹೆದರಿಕೆಯಾಯಿತು ಎಂದೆ. “ನಂಗೂ ಹೆದ್ರಿಕೆ ಆಗಿತ್ತು ಮಿಸ್. ಆದ್ರೂ ಕೇಳಿದ್ನಲ್ಲ,” ಎಂದಳು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆಯ ಮುಂದೆ ನಿಂತೆ. ಅತಿಥಿಗಳ ಉತ್ತರ ತಪ್ಪು, ನನ್ನ ಮೌನವೂ ತಪ್ಪು ಎಂದು ಹೇಳಿ, ಸರಿ ಯಾವುದೆಂದು ವಿವರಿಸಿದೆ. ಹೆಡ್‌ಮಾಸ್ಟರ್ ಇವತ್ತಿಗೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಆ ವಿವರಣೆಯನ್ನು ಫೋನಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೂ ಹಾಕಿದ್ದೇನೆ. ನಿನ್ನೆಯವರೆಗೆ ನಲವತ್ತೊಂದು ಜನ ನೋಡಿದ್ದಾರೆ. ನಲವತ್ತೆರಡನೆಯವರು ನೀವಾಗಿ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ಇದು ನನ್ನ ಕೊನೆಯ ಕಾಗದ.

ಒಂದು ಕಾಲದ ನಿಮ್ಮ ವಿದ್ಯಾರ್ಥಿನಿ,
ದುರ್ಗಾಂಬಿಕಾ