ಪಾತ್ರೆ ಅಂಗಡಿ ಬಂದೂಕು

ಕುಂದಾಣ
ಗುರುವಾರ, ೯ ಅಕ್ಟೋಬರ್ ೨೦೨೫

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತಾ? ಸೊಣ್ಣಮ್ಮತ್ತೆ ಕೈಯ ಮುದ್ದೆ ತಿಂದು ಇಷ್ಟು ಹೊತ್ತಿಗೆ ಹೊಟ್ಟೆ ಬಂದಿರಬೇಕು. ತ್ಯಾಮಗೊಂಡ್ಲಿನ ಅವರ ತೋಟದಲ್ಲಿ ಸೊಳ್ಳೆ ಜಾಸ್ತಿ, ಕಾಲಿಗೆ ಬೇವಿನೆಣ್ಣೆ ಹಚ್ಚಿಕೋ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಫೋನನ್ನು ಆಫ್ ಮಾಡಿ ದೇವರ ಮನೆಯಲ್ಲಿಟ್ಟು, ಬಂದೂಕು ಎತ್ತಿಕೊಂಡು ಹೋದ ದಿನದಿಂದ ಅವಳು ಬೆಳಿಗ್ಗೆ ಎದ್ದು ಮೊದಲು ನನ್ನನ್ನು ಬೈಯುತ್ತಾಳೆ, ಆಮೇಲೆ ಕಾಫಿ ಕಾಯಿಸುತ್ತಾಳೆ. ಪೊಲೀಸರು ಟವರ್ ನೋಡಿ ಹಿಡಿಯುತ್ತಾರೆ ಎಂದು ಫೋನ್ ಮುಟ್ಟದವನಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಪಕ್ಕದ ಮನೆಯ ಅಂಜನ್ ಬೈಕಿನಲ್ಲಿ ತಂದುಕೊಡುತ್ತಾನೆ.

ನಾಳೆ ಶುಕ್ರವಾರ. ಜಾಮೀನಿನ ಮೇಲೆ ಹೊರಗಿರುವ ವಸಂತ್ ಠಾಣೆಗೆ ಸಹಿ ಹಾಕಲು ಹೋಗುವ ದಿನ. ದಾರಿಯಲ್ಲಿ ಕಾದು ಅವನನ್ನು ಹೊಡೆದುಹಾಕಬೇಕು ಎಂದುಕೊಂಡಿದ್ದೀಯ. ನೀನು ಹೇಳಲಿಲ್ಲ ನಿಜ, ಆದರೆ ಜೊತೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವಾ?

ನಿನಗಿಂತ ನನಗೆ ಸಿಟ್ಟು ಕಮ್ಮಿ ಎಂದು ತಿಳಿಯಬೇಡ. ದ್ರಾಕ್ಷಿ ಚಪ್ಪರದ ಕೆಳಗೆ ಅಪ್ಪ ಬಿದ್ದಿದ್ದನ್ನು ಮೊದಲು ನೋಡಿದವಳು ನಾನು. ಬದುವಿನ ಕಲ್ಲು ಒಂದು ಮಾರು ಆಚೆಗಿತ್ತೋ ಈಚೆಗಿತ್ತೋ, ಅಷ್ಟಕ್ಕೆ ನಮ್ಮ ಸ್ವಂತ ದೊಡ್ಡಪ್ಪನ ಮಗ ವಸಂತ್ ಮಚ್ಚು ಬೀಸಿದ್ದ. ಒಂದು ಏಟಲ್ಲ. ಅಡ್ಡ ಹಿಡಿದ ಅಪ್ಪನ ಕೈ ಮೊಣಕೈ ಕೆಳಗೆ ಬರೀ ಚರ್ಮದಲ್ಲಿ ನೇತಾಡುತ್ತಿತ್ತು. ಕುತ್ತಿಗೆಗೆ ನನ್ನ ವೇಲ್ ಒತ್ತಿ ಹಿಡಿದೆ. ವೇಲ್ ತೊಯ್ದು ಬೆರಳ ಸಂದಿಯಲ್ಲಿ ರಕ್ತ ಬಿಸಿಬಿಸಿಯಾಗಿ ಇಳಿಯಿತು. ಅಪ್ಪ ಏನೋ ಹೇಳಲು ಬಾಯಿ ತೆಗೆದ, ಅಲ್ಲಿಂದಲೂ ರಕ್ತವೇ ಬಂತು. ವಸಂತ್ ಓಡಲೂ ಇಲ್ಲ. ಮಚ್ಚನ್ನು ದ್ರಾಕ್ಷಿ ಎಲೆಗೆ ಒರೆಸಿಕೊಳ್ಳುತ್ತಾ, "ಎಲ್ಲಿ ಕಣಮ್ಮೀ ನಿಮ್ಮಪ್ಪನ ಪಾತ್ರೆ ಅಂಗಡಿ ಬಂದೂಕು? ಅದ್ರಲ್ಲಿ ಸಾರು ಕಾಯ್ಸ್ಕೊಂಡು ಕುಡೀರಿ ಹೋಗಿ" ಎಂದ.

ಹಂದಿ ಕಾಟಕ್ಕೆಂದು ಅಪ್ಪ ಲೈಸೆನ್ಸ್ ಮಾಡಿಸಿ ತಂದ ಸ್ಟೇನ್‌ಲೆಸ್ ರೈಫಲ್ಲು ಊರಿಗೆಲ್ಲ ತಮಾಷೆಯಾಗಿತ್ತಲ್ಲ. ಬಂದೂಕೆಂದರೆ ತಾತನದರ ಹಾಗೆ ನೀಲಿಗಪ್ಪಾಗಿರಬೇಕು, ಇದೇನು ಮದುವೆಯಲ್ಲಿ ಕೊಟ್ಟ ಚೊಂಬಿನ ಹಾಗೆ ಎಂದು ನಗುತ್ತಿದ್ದರು. "ತುಕ್ಕು ಹಿಡಿಯಲ್ಲ ಕಣ್ರೋ" ಎಂದು ಅಪ್ಪ ಇನ್ನೂ ಜೋರಾಗಿ ನಗುತ್ತಿದ್ದ. ಅಪ್ಪ ಹೋದ ಮೇಲೆ ಅದನ್ನು ಠಾಣೆಗೆ ಒಪ್ಪಿಸಬೇಕಿತ್ತು, ನೀನು ಒಪ್ಪಿಸಲಿಲ್ಲ. "ಪುಟ್ಟೀ, ತಾತನ ಬಂದೂಕಿನ ಥರ ಮಾಡ್ಕೊಡೆ, ಆಯುಧ ಪೂಜೆಗೆ ಅಪ್ಪನ ಫೋಟೋ ಮುಂದೆ ಇಡೋಣ" ಎಂದೆ. ನಾನು ನಂಬಿಬಿಟ್ಟೆ.

ದಾಬಸ್‌ಪೇಟೆಯ ನಮ್ಮ ಫ್ಯಾಕ್ಟರಿಯಲ್ಲಿ ಮೂಟೆಗಟ್ಟಲೆ ಬೋಲ್ಟುಗಳಿಗೆ ಕಪ್ಪು ಏರಿಸುವವಳಿಗೆ ಇದು ಯಾವ ಮಹಾ ಎಂದುಕೊಂಡು, ಬಂದೂಕು ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಕಬ್ಬಿಣವನ್ನು ಕುದಿಯುವ ಕ್ಷಾರದ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ತಾನಾಗಿ ಕಪ್ಪಾಗುತ್ತದೆ. ಅಪ್ಪನ ಸ್ಟೀಲು ಅಪ್ಪನ ಹಾಗೇ ಹಟಮಾರಿ. ಅಲ್ಲಲ್ಲಿ ಕಲೆ ಬಿತ್ತೇ ಹೊರತು ಬಣ್ಣ ಹಿಡಿಯಲಿಲ್ಲ. ಯಂತ್ರದಲ್ಲಿ ಮರಳು ಊದಿ ಅದರ ಹೊಳಪು ತೆಗೆದೆ, ಕಪ್ಪು ಲೇಪ ಸಿಂಪಡಿಸಿ ಓವನ್‌ನಲ್ಲಿ ಬೇಯಿಸಿದೆ. ಹೊರಗೆ ತೆಗೆದರೆ ದೋಸೆ ಕಾವಲಿ! ಮತ್ತೆ ನೀಲಿ ಬೆರೆಸಿ ತೆಳ್ಳಗೆ ಹೊಡೆದು, ಎಣ್ಣೆಬಟ್ಟೆಯಲ್ಲಿ ತೋಳು ಬೀಳುವಷ್ಟು ಉಜ್ಜಿದೆ. ಆಗ ಬಂತು ನೋಡು ತಾತನ ಬಂದೂಕಿನ ಬಣ್ಣ, ನಮ್ಮ ತೋಟದ ಹಣ್ಣಾದ ದ್ರಾಕ್ಷಿಯ ಹಾಗೆ. ಎಷ್ಟು ಜಂಬ ಪಟ್ಟೆನೋ.

ಮನೆಗೆ ತಂದು ಜೋಡಿಸಿ, ಬಿಸಿಲಿಗೆ ಇನ್ನೂ ಹೊಳೆಯುತ್ತದೆಯೇ ನೋಡೋಣವೆಂದು ಮಾಳಿಗೆ ಹತ್ತಿದೆ. ಎದುರು ತೋಟದಲ್ಲಿ ವಸಂತ್ ನಿಂತಿದ್ದ. ಅವನಮ್ಮ, ನಮ್ಮ ಮಾರಕ್ಕ ದೊಡ್ಡಮ್ಮ, ಮಜ್ಜಿಗೆ ಕೊಟ್ಟು ಸೆರಗಿನಿಂದ ಅವನ ಹಣೆ ಒರೆಸುತ್ತಿದ್ದಳು. ನಮ್ಮಪ್ಪನ ಹಣೆ ಒರೆಸಲು ಯಾರಿದ್ದರು ಅವತ್ತು? ಬಂದೂಕು ಹೆಗಲಿಗೇರಿಸಿ, ಅವನ ಮೂಗಿನ ನೇರಕ್ಕೆ ಹಿಡಿದು ಟ್ರಿಗರ್ ಎಳೆದೆ. ಗುಂಡಿರಲಿಲ್ಲ, ಟಕ್ ಎಂದಿತು ಅಷ್ಟೆ. ಅಣ್ಣಾ, ಎಷ್ಟು ಖುಷಿಯಾಯಿತು ಗೊತ್ತಾ! ಅವನ ತಲೆ ಬುರುಡೆ ಒಡೆದು ಮಜ್ಜಿಗೆ ಲೋಟದ ಮೇಲೆ ಚೆಲ್ಲಿದ್ದು ಕಣ್ಣಿಗೆ ಕಟ್ಟಿದಂತಾಯಿತು. ಮತ್ತೆ ಎಳೆದೆ, ಇನ್ನೊಂದು ಸಲ ಎಳೆದೆ. ಅಷ್ಟರಲ್ಲಿ ದೊಡ್ಡಮ್ಮ ಅಡ್ಡ ಬಂದಳು. ನಾನು ನಿಲ್ಲಿಸಲಿಲ್ಲ, ಅವಳಿಗೂ ಗುರಿಯಿಟ್ಟು ಎಳೆದೆ. ಸ್ಕೂಲಿಗೆ ಹೋಗುವಾಗ ನನಗೆ ಎರಡು ಜಡೆ ಹಾಕುತ್ತಿದ್ದವಳು ಅವಳು. ಕೆಳಗಿಳಿದು ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಆಮೇಲೆ ಏನು ಮಾಡಿದೆ ಎಂಬುದನ್ನು ನೀನು ಮನೆಗೆ ಬಂದ ಮೇಲೆ ಹೇಳುತ್ತೇನೆ.

ಮನೆಗೆ ಬಾ ಅಣ್ಣ. ಕೋರ್ಟಿನಲ್ಲಿ ಅವನ ಮುಖ ನೋಡಿಕೊಂಡೇ ನಾನು ಸಾಕ್ಷಿ ಹೇಳುತ್ತೇನೆ, ಒಂದು ಮಾತೂ ಬಿಡುವುದಿಲ್ಲ. "ಗಂಡನ್ನ ಕೊಟ್ಟಾಯ್ತು, ಮಗನ್ನೂ ಕೊಡು ಅಂದ್ರೆ ನನ್ನ ಕೈಲಾಗಲ್ಲ" ಎನ್ನುತ್ತಾಳೆ ಅಮ್ಮ. ನನ್ನ ಕೈಲೂ ಆಗುವುದಿಲ್ಲ. ಬಂದು ಆ ದರಿದ್ರದ ಬಂದೂಕನ್ನು ಠಾಣೆಗೆ ಕೊಟ್ಟುಬಿಡು. ಬಣ್ಣ ಹೇಗೆ ಬದಲಾಯಿತು ಎಂದು ಕೇಳಿದರೆ ನನ್ನ ಹೆಸರು ಹೇಳು.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅಮ್ಮ ನಿನಗೆಂದು ಹುರುಳಿಕಾಳು ನೆನೆಹಾಕಿದ್ದಾಳೆ, ಬೈಯುತ್ತಲೇ.

ನಿನ್ನ ತಂಗಿ,
ಚೈತ್ರ

ತಾ.ಕ.: ಕಾಗದ ಮಡಚುತ್ತಿದ್ದೆ, ಅಂಜನ್ ಓಡಿಬಂದ. ನೀನು ಅಲ್ಲಿರುವುದು ಹೇಗೋ ಗೊತ್ತಾಗಿ, ವಸಂತ್ ನಾಲ್ಕು ಜನರನ್ನು ಕಾರಿಗೆ ಹತ್ತಿಸಿಕೊಂಡು ತ್ಯಾಮಗೊಂಡ್ಲಿಗೆ ಹೊರಟನಂತೆ. ಸೀಟಿನ ಕೆಳಗೆ ಮಚ್ಚು ತುರುಕಿದ್ದನ್ನು ಇವನೇ ನೋಡಿದ್ದಾನೆ. ಅತ್ತೆಯ ಫೋನ್ ರಿಂಗಾಗುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಪೊಲೀಸರಿಗೆ ಫೋನ್ ಮಾಡು ಎಂದು ಅಮ್ಮನಿಗೆ ಹೇಳಿ ಇದನ್ನು ಬರೆಯುತ್ತಿದ್ದೇನೆ. ಅಂಜನ್ ಬಾಯಲ್ಲಿ ಹೇಳಿಸಿದರೆ ನೀನು ನಂಬುವುದಿಲ್ಲ, ನನ್ನ ಅಕ್ಷರ ನೋಡಿ ನಂಬು. ಅವತ್ತು ಬಚ್ಚಲಿಂದ ಎದ್ದು ಬಂದು ಬಂದೂಕು ಮತ್ತೆ ಬಿಚ್ಚಿದೆ. ಗುಂಡಿನ ಬೆನ್ನಿಗೆ ಬಡಿಯುವ ಪಿನ್ನು ತೆಗೆದು ಅಮ್ಮನ ಸಾಸಿವೆ ಡಬ್ಬಿಯಲ್ಲಿ ಹಾಕಿದೆ. ನೀನು ಜೈಲಿಗೆ ಹೋಗಬಾರದು ಎಂದು, ಅಷ್ಟೇ ಕಣೋ. ವಸಂತ್ ಮಚ್ಚು ಹಿಡಿದು ನಿನ್ನ ಹತ್ತಿರವೇ ಬರುತ್ತಾನೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಅದನ್ನು ಎತ್ತಿ ಅವನ ಎದುರು ನಿಲ್ಲಬೇಡ, ಅದರಿಂದ ಗುಂಡು ಹಾರುವುದಿಲ್ಲ. ಬಿಸಾಡಿ ಓಡು ಅಣ್ಣಾ, ಹಿತ್ತಲ ಕಡೆಯಿಂದ ಓಡು.