ಮೇಲಿನಿಂದ ಕಂಡ ಕ್ರೂ

ಮಗನ ಮನೆ, ಕೇಟಿ ಊರು, ೧೪ ಮಾರ್ಚ್ ೨೦೦೪, ಭಾನುವಾರ

ಸೊಸೆ ಮಧುರಾ ತಂದ ಪುಸ್ತಕದಲ್ಲಿ ಕ್ರೂ ಊರಿನ ಹಳೆಯ ಚಿತ್ರವಿತ್ತು, ವಿಮಾನದಿಂದ ತೆಗೆದದ್ದು. ನಾನು ರೈಲ್ವೆ ಕೆಲಸ ಕಲಿತ ಇಂಗ್ಲೆಂಡಿನ ಊರು. ಲೋಕೋ ಶೆಡ್ಡು, ಫೌಂಡ್ರಿ, ಚಿಮಣಿ ಎಲ್ಲವನ್ನೂ ಅವಳಿಗೆ ತಡವರಿಸದೆ ತೋರಿಸಿದೆ.

ನನ್ನ ಹೆಂಡತಿ ಅನುಸೂಯಾ ಕನ್ನಡಕ ಹಾಕಿಕೊಂಡು ಬಂದಳು. "ನಿಮ್ಮ ಚಿಮಣಿ ಪುರಾಣ ಸಾಕು. ನಮ್ಮ ಮೊದಲನೇ ಮಗೂನ ಎಲ್ಲಿ ಮಣ್ಣು ಮಾಡಿದ್ರಿ, ತೋರ್ಸಿ."

ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಬಾಣಂತಿ ಬರಬಾರದೆಂದು ಆ ದಿನ ನಾನೇ ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋಗಿದ್ದೆ. ಚಿತ್ರದಲ್ಲಿ ಸ್ಮಶಾನವೇನೋ ಸಿಕ್ಕಿತು, ಮಣ್ಣು ಮಾಡಿದ ಜಾಗ ಗುರುತಾಗಲಿಲ್ಲ.

ಅವಳೇ ಒಂದು ಮರದ ಮೇಲೆ ಬೆರಳಿಟ್ಟಳು. "ಇಲ್ಲೇ ಅಲ್ವೇನ್ರೀ?"

"ಹೂಂ, ಅಲ್ಲೇ."

"ಸದ್ಯ, ನೆರಳಿದೆ."

ಈಗ ನಿಜ ಹೇಳೋಣವೆಂದರೆ, ತೋರಿಸಲು ನನ್ನಲ್ಲಿ ಬೇರೆ ಜಾಗವೂ ಇಲ್ಲ.